ಅವ್ವ ತಡೆದು ನಿಲ್ಲಿಸಿದ ಸಂಜೆ

ಆ ಕಾಲದಲ್ಲಿ ಬಿ.ಪಿ. ಅಂದರೆ ದೊಡ್ಡವರ ಕಾಯಿಲೆ. ಕಾರಿನಲ್ಲಿ ಓಡಾಡುವವರಿಗೆ, ಫ್ಯಾನಿನ ಕೆಳಗೆ ಕೂತು ಫೈಲು ನೋಡುವವರಿಗೆ, ಮೂರು ಹೊತ್ತು ತುಪ್ಪ ಉಣ್ಣುವವರಿಗೆ ಬರುವಂಥದ್ದು. ಮುದ್ದೆ ನುಂಗಿ, ಸೈಕಲ್ ತುಳಿದುಕೊಂಡು ಪೀಣ್ಯಕ್ಕೆ ಕೆಲಸಕ್ಕೆ ಹೋಗುವವನಿಗೆ ಯಾಕೆ ಬರಬೇಕು? ಹಾಗಾಗಿ ಕಾರ್ಖಾನೆಯ ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, "ನಿಮಗೆ ಬಿ.ಪಿ. ಜಾಸ್ತಿ ಇದೆ" ಎಂದಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು.

"ನಿಮ್ಮ ಮಿಷನ್ನೇ ಕೆಟ್ಟಿರ್ಬೇಕು ನೋಡಿ ಮೇಡಂ" ಎಂದೆ.

ಅವರು ಮತ್ತೊಮ್ಮೆ ಗಾಳಿ ತುಂಬಿದರು. ಸಿಟ್ಟು ಮಾಡಿಕೊಂಡಿದ್ದೆನಲ್ಲ, ಪಾದರಸ ಈ ಸಲ ಇನ್ನೂ ಮೇಲಕ್ಕೆ ಹತ್ತಿ ಕೂತಿತ್ತು. "ಮಿಷನ್ ಚೆನ್ನಾಗೇ ಇದೆ. ಕೆಟ್ಟಿರೋದು ನೀವು. ತಲೆ ಸುತ್ತುತ್ತೆ ಅಂತ ನೀವೇ ಬಂದಿದ್ದೀರ. ಇವತ್ತಿಂದ ಕ್ರೇನ್ ಹತ್ತೋ ಹಾಗಿಲ್ಲ" ಎಂದರು.

ಆ ಮಾತು ನನಗೆ ಎಲ್ಲಿ ತಗುಲಿತು ಎನ್ನುವುದು ಗೊತ್ತಾಗಬೇಕಾದರೆ ಆ ಕ್ರೇನ್ ಎಲ್ಲಿತ್ತು ಎನ್ನುವುದನ್ನು ಹೇಳಬೇಕು. ಪೀಣ್ಯಕ್ಕೂ ಚಿಕ್ಕಬಾಣಾವರಕ್ಕೂ ನಡುವಿನ ಹಳ್ಳಿ ನಮ್ಮದು. ಎಪ್ಪತ್ತರ ದಶಕದಲ್ಲಿ ಕಾರ್ಖಾನೆಗಳಿಗೆಂದು ಆ ಸುತ್ತಿನ ಜಮೀನು ಹೋದಾಗ ನಮ್ಮ ಹೊಲವೂ ಹೋಯಿತು. ರಾಗಿಯ ಸಾಲಿನ ನಡುವೆ ಅವರೆ, ಬದುವಿನಲ್ಲಿ ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲ. ನಡುವೆ ಕಲ್ಲು ಕಟ್ಟಿದ ಬಾವಿ. ಬಾವಿ ಮುಚ್ಚಿದರು, ಕಬ್ಬಿಣದ ಕಂಬ ನಿಲ್ಲಿಸಿದರು, ಮೇಲೆ ಶೀಟು ಹೊದಿಸಿದರು. ಅದೇ ಶೆಡ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲು ಹೊರುವ ಕೆಲಸ, ಆಮೇಲೆ ಕೆಳಗೆ ನಿಂತು ಕ್ರೇನಿನವನಿಗೆ ಕೈಸನ್ನೆ ಮಾಡುವ ಕೆಲಸ, ಕೊನೆಗೆ ಕ್ರೇನೇ ನನ್ನ ಕೈಗೆ ಬಂತು.

ಶೆಡ್ಡಿನ ಎರಡು ಪಕ್ಕದ ಎತ್ತರದ ಹಳಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡುವ ಕ್ರೇನ್ ಅದು. ಅದಕ್ಕೆ ತೂಗುಬಿದ್ದ ಕ್ಯಾಬಿನ್ನಿನಲ್ಲಿ ಕೂತು, ಎರಡೂ ಕೈಯಲ್ಲಿ ಲಿವರ್ ಹಿಡಿದು, ಟನ್ನುಗಟ್ಟಲೆ ಕಬ್ಬಿಣ ಎತ್ತಿ, ಜನ ಓಡಾಡುವ ಜಾಗದ ಮೇಲಿಂದ ದಾಟಿಸಿ, ಹೇಳಿದ ಜಾಗಕ್ಕೆ ಇಳಿಸಬೇಕು. ಕೈ ಒಂದಿಷ್ಟು ತಪ್ಪಿದರೆ ಕೆಳಗಿನವನ ಮನೆ ದೀಪ ಆರಿತು ಅಂತಲೇ ಲೆಕ್ಕ. ಆ ಭಯವನ್ನು ಮುಷ್ಟಿಯಲ್ಲಿ ಹಿಡಿದೇ ನಾನು ದಿನವೆಲ್ಲ ಕೂತಿರುತ್ತಿದ್ದೆ. ಆದರೂ ಆ ಕ್ಯಾಬಿನ್ ಬಿಟ್ಟು ಇಳಿ ಅಂದರೆ ಜೀವ ಹೋದ ಹಾಗಾಗುತ್ತಿತ್ತು. ಅಲ್ಲಿಂದ ನೋಡಿದರೆ ನಮ್ಮ ಹೊಲ ಪೂರ್ತಿ ನನಗೆ ಕಾಣುತ್ತಿತ್ತು. ಸಿಮೆಂಟಿನ ಕೆಳಗೆ ಬದು ಎಲ್ಲಿ, ಹುಣಸೆಮರ ಎಲ್ಲಿ, ಬಾವಿ ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ನಮ್ಮವ್ವನಿಗೂ ಅದೇ ಹುಚ್ಚು. ಕೆಲಸದಿಂದ ಬಂದು ಸೈಕಲ್ ಒರಗಿಸುವಷ್ಟರಲ್ಲಿ ಕೇಳುವಳು, "ಬಾವಿ ಮ್ಯಾಲೆ ಓಗಿದ್ದೇನ್ಲಾ ಇವತ್ತು?" ನಾನು "ಊಂ ಕಣವ್ವ" ಅಂದರೆ ಸಾಕು, ಮುಖ ಅರಳುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ನೀರು ಸೇದಿದ ಬಾವಿ ಅದು. ಹೊಲ ಹೋದಾಗ ಅವಳು ಅಳಲಿಲ್ಲ. ಬಾವಿಗೆ ಮಣ್ಣು ಸುರಿದ ದಿನ ಮಾತ್ರ ಒಲೆ ಹಚ್ಚಲಿಲ್ಲ.

ಆಯುಧಪೂಜೆಯ ದಿನ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮಿಷನ್ನುಗಳಿಗೆಲ್ಲ ಬಾಳೆಕಂದು ಕಟ್ಟಿ, ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ಕ್ರೇನಿನವನು ಮೇಲೆ ಹತ್ತಿ ಕೊಕ್ಕೆಯನ್ನು ಕೆಳಕ್ಕೆ ಇಳಿಸಬೇಕು. ಅವನ ಮನೆಯ ಹೆಂಗಸು ಆ ಕೊಕ್ಕೆಗೆ ಅರಿಸಿನ ಕುಂಕುಮ ಹಚ್ಚಿ ಹೂ ಮುಡಿಸಬೇಕು. ನಾನು ಕ್ರೇನಿಗೆ ಬಂದಾಗಿನಿಂದ ಆ ಪೂಜೆ ಅವ್ವನದು. ಬಾವಿ ಇದ್ದ ಜಾಗಕ್ಕೇ ಹೋಗಿ ನಿಲ್ಲುವಳು, ನಾನು ಅಲ್ಲಿಗೇ ಕೊಕ್ಕೆ ಬಿಡುತ್ತಿದ್ದೆ. ವರ್ಷಕ್ಕೊಂದು ದಿನ ಅವಳ ಹೊಲ ಅವಳಿಗೆ ಸಿಗುತ್ತಿತ್ತು.

ಡಾಕ್ಟರಮ್ಮ ನನ್ನನ್ನು ಕೆಳಗಿಳಿಸಿದ್ದು ಶ್ರಾವಣ ಕಳೆದ ಹೊಸದರಲ್ಲಿ. ಆಯುಧಪೂಜೆಯ ಒಳಗೆ ಒತ್ತಡ ಇಳಿಯದಿದ್ದರೆ ಕ್ಯಾಬಿನ್ನಿನಲ್ಲಿ ಇನ್ನೊಬ್ಬ ಕೂರುತ್ತಾನೆ, ಕೊಕ್ಕೆಗೆ ಅವನ ಮನೆಯವರು ಕುಂಕುಮ ಇಡುತ್ತಾರೆ. ನನ್ನನ್ನು ಸ್ಟೋರಿನ ಮುಂದೆ ಸ್ಟೂಲು ಹಾಕಿ ಕೂರಿಸಿದರು; ಬಂದವರಿಗೆ ಕೈಗವಸು, ಎಣ್ಣೆ ಒರೆಸುವ ಹತ್ತಿನೂಲಿನ ವೇಸ್ಟು ಎತ್ತಿಕೊಡುವ ಕೆಲಸ. ಕೂತಲ್ಲೇ ಕುದಿಯುತ್ತಿದ್ದೆ. ಅವ್ವನಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಬಾವಿಯ ಮೇಲೆ ಹೋಗಿದ್ದೆಯಾ ಎಂದು ಕೇಳಿದರೆ "ಊಂ" ಎನ್ನುವುದು, ಒಳಗೆ ಹೋಗಿ ಹೆಂಡತಿಯ ಮೇಲೆ ರೇಗುವುದು.

ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದರು. ಉಪ್ಪು, ಉಪ್ಪಿನಕಾಯಿ ಕಮ್ಮಿ ಅಂದಿದ್ದರು. ಅದರ ಜೊತೆಗೆ ಇನ್ನೊಂದು ಔಷಧಿ. "ಕೆಲಸ ಮುಗಿಸಿ ಮನೆಗೆ ಹೋದ ಮೇಲೆ, ಊಟಕ್ಕೆ ಮುಂಚೆ, ಚಾಪೆ ಮೇಲೆ ಅಂಗಾತ ಮಲಗಿ. ಕಾಲ್ಬೆರಳಿಂದ ಶುರು ಮಾಡಿ. ಪಾದ ಬಿಗಿ ಹಿಡೀರಿ, ಆಮೇಲೆ ಸಡಿಲ ಬಿಡಿ. ಮೀನಖಂಡ, ತೊಡೆ, ಹೊಟ್ಟೆ, ಕೈ, ಮುಖ, ಹೀಗೇ ಮೇಲಕ್ಕೆ ಬನ್ನಿ. ಉಸಿರು ಎಳ್ಕೊಳ್ಳೋದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ದಿನಾ ಒಂದೇ ಹೊತ್ತಿಗೆ."

"ಮಲಗೋದಾ? ಅದೂ ಒಂದು ಔಷಧೀನಾ ಮೇಡಂ?"

"ನಿದ್ದೆ ಮಾಡಿ ಅಂದಿಲ್ಲ. ಬಿಡೋದು ಕಲೀರಿ ಅಂದೆ. ಮಾತ್ರೆ ತನ್ನ ಕೆಲಸ ಮಾಡುತ್ತೆ, ಇದು ನಿಮ್ಮ ಕೆಲಸ. ಶವಾಸನ ಅಂತ ಕೇಳಿಲ್ವಾ?"

ಆ ಹೆಸರನ್ನು ನಾನು ಗೇಟಿನ ಹೊರಗೇ ಬಿಟ್ಟು ಬಂದೆ. ಬದುಕಿ ಬಾಳುವ ಮನೆಯಲ್ಲಿ ಆ ಮಾತು ಆಡಿದರೆ ಅವ್ವ ಪೊರಕೆ ತೆಗೆದುಕೊಳ್ಳುತ್ತಿದ್ದಳು. "ಏನೋ ಒಂದು ಆಸನವಂತೆ" ಎಂದಷ್ಟೇ ಹೆಂಡತಿಗೆ ಹೇಳಿದೆ.

ಹೆಸರು ಮುಚ್ಚಿಟ್ಟರೇನು, ಹೊತ್ತನ್ನು ಮುಚ್ಚಿಡಲು ಆಗುತ್ತದೆಯೇ? ಸೈರನ್ ಕೂಗಿ, ಸೈಕಲ್ ತುಳಿದು, ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಮುಸ್ಸಂಜೆ. ಆಮೇಲೆ ಮಲಗೋಣವೆಂದರೆ ನಮ್ಮದು ಒಂದೇ ಅಂಕಣದ ಮನೆ. ದೀಪ ಹಚ್ಚಿದ ಮೇಲೆ ಮಕ್ಕಳ ಓದು, ರೇಡಿಯೋ, ಅಕ್ಕಪಕ್ಕದವರ ಪಟ್ಟಾಂಗ, ಹಿಂದೆಯೇ ಊಟ. ಹಾಗಾಗಿ ಬಂದ ತಕ್ಷಣ ಮನೆಯ ನಡುವೆ ಚಾಪೆ ಹಾಸಿ ಅಂಗಾತ ಬಿದ್ದುಕೊಂಡೆ. ಅವ್ವ ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು.

"ಅಯ್ಯೋ ಶಿವ್ನೇ! ದೀಪ ಅಚ್ಚೋ ಒತ್ತಲ್ಲಿ ಇದೇನ್ಲಾ ಇದು? ಏಳ್ಲಾ ಮ್ಯಾಲಕ್ಕೆ!"

"ಡಾಕ್ಟ್ರು ಯೋಳಿರೋದು ಕಣವ್ವ."

"ಯಾವ ಡಾಕ್ಟ್ರು? ಅವ್ರ ಮನೇಲಿ ದೀಪ ಅಚ್ಚಲ್ವಾ? ಮನೆ ಯಜಮಾನ ಇಂಗೆ ಕಾಲ್ ಚಾಚ್ಕೊಂಡು ಬಿದ್ದಿದ್ರೆ ಲಕ್ಷ್ಮಿ ಒಳಕ್ಕೆ ಬತ್ತಾಳಾ, ಅವಳಕ್ಕ ಬತ್ತಾಳಾ?"

ಮುಸ್ಸಂಜೆಯಲ್ಲಿ ಮಲಗಬಾರದು, ಮಲಗಿದವರಿದ್ದರೆ ಎಬ್ಬಿಸಿ ಕೂರಿಸಿ ದೀಪ ಹಚ್ಚಬೇಕು. ನಮ್ಮ ಕಡೆ ಹಸುಗೂಸನ್ನೂ ಆ ಹೊತ್ತಿಗೆ ತೊಟ್ಟಿಲಿಂದ ಎತ್ತಿಕೊಳ್ಳುತ್ತಾರೆ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಪಾದ ಬಿಗಿ ಹಿಡಿದು ಸಡಿಲ ಬಿಡುವಷ್ಟರಲ್ಲಿ ಅವಳು "ಎದ್ದಾ?" ಅನ್ನುವಳು. ಮೊಣಕಾಲಿಗೆ ಬರುವಷ್ಟರಲ್ಲಿ "ಒತ್ತು ಮೀರ್ತೈತೆ ಕಣ್ಲಾ" ಅನ್ನುವಳು. ಹೊಟ್ಟೆಯವರೆಗೆ ಬರುವುದರೊಳಗೆ ನನ್ನ ತಾಳ್ಮೆ ಹರಿದು, ಮಲಗಿದಲ್ಲಿಂದಲೇ ಸೂರು ಹಾರುವ ಹಾಗೆ ಕೂಗುತ್ತಿದ್ದೆ. ನನ್ನ ಹೆಂಡತಿ ಒಲೆಯ ಮುಂದಿನಿಂದ, "ಸಮಾಧಾನ ಆಗ್ಲಿ ಅಂತ ಮನಿಕ್ಕೊಂಡವ್ರೆ ಪುಣ್ಯಾತ್ಮ, ಊರೆಲ್ಲ ಎದ್ದು ಕೂತೈತೆ" ಅಂತ ಯಾರಿಗೋ ಹೇಳಿದ ಹಾಗೆ ಹೇಳುವಳು. ಅವಳ ಮಾತಿಗೆ ನಗು ಬರುತ್ತಿತ್ತು, ಆದರೆ ನಕ್ಕರೆ ಸೋತ ಹಾಗಲ್ಲವೇ!

ಮುಂದಿನ ಸಲ ಡಾಕ್ಟರಮ್ಮ ಪಟ್ಟಿ ಬಿಚ್ಚುತ್ತಾ, "ಮಲಗಿ ಸಡಿಲ ಬಿಡ್ತಿದ್ದೀರೋ, ಕುಸ್ತಿ ಆಡ್ತಿದ್ದೀರೋ?" ಎಂದರು. ಮಾತ್ರೆಯಿಂದ ಅಷ್ಟೋ ಇಷ್ಟೋ ಇಳಿದಿದ್ದು ನಿಜ. ಕ್ರೇನ್ ಹತ್ತುವಷ್ಟು ಇಳಿದಿರಲಿಲ್ಲ. ನಾನು ದೀಪದ ಕಥೆ ಹೇಳಿದೆ. ಓದಿದವರು, ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಮ್ಮಜ್ಜಿನೂ ಮಲಗೋಕೆ ಬಿಡ್ತಿರಲಿಲ್ಲ. ನಿಮ್ಮ ತಾಯಿಗೆ ಕ್ರೇನ್ ವಿಷಯ ಹೇಳಿದ್ದೀರಾ?" ಎಂದು ಕೇಳಿದರು. ನಾನು ತಲೆ ಬಗ್ಗಿಸಿದೆ.

ಹೇಳಿದ್ದು ನಾನಲ್ಲ, ನನ್ನ ಹೆಂಡತಿ. ನಾನು ಅಂಗಳದಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಒಳಗೆ ಅವಳ ದನಿ ಕೇಳಿಸಿತು. "ಅತ್ತೆ, ಅವ್ರನ್ನ ಕ್ರೇನಿಂದ ಇಳಿಸವ್ರೆ. ಬಿ.ಪಿ. ಇಳೀಲಿಲ್ಲ ಅಂದ್ರೆ ಈ ಸಲ ಕೊಕ್ಕೆಗೆ ಕುಂಕುಮ ಇಕ್ಕೋರು ಬೇರೆಯೋರು. ನಿಮ್ಗೆ ಯೋಳೋಕೆ ಅವ್ರಿಗೆ ಬಾಯಿಲ್ಲ." ನಾನು ಎಣ್ಣೆ ಡಬ್ಬಿ ಹಿಡಿದು ಹಾಗೇ ನಿಂತೆ. ಅವ್ವ ಗೊಳೋ ಎನ್ನುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಎರಡೂ ಆಗಲಿಲ್ಲ. ಆ ದಿನ ಅವಳು ಬಾವಿಯ ಸುದ್ದಿಯನ್ನೇ ಎತ್ತಲಿಲ್ಲ.

ಮಾರನೆಯ ಸಂಜೆ ನಾನು ಬಂದಾಗ ಚಾಪೆ ಹಾಸಿತ್ತು. ಹಾಸಿದ್ದು ಅವ್ವ. ಗೂಡಿನಲ್ಲಿ ಎಣ್ಣೆ, ಬತ್ತಿ ಸಿದ್ಧವಾಗಿದ್ದವು. ಅವಳು ಮಾತ್ರ ಬೆಂಕಿಪೊಟ್ಟಣ ಹಿಡಿದುಕೊಂಡು ಹೊಸ್ತಿಲ ಬಳಿ ಗೋಡೆಗೊರಗಿ ಕೂತಿದ್ದಳು. "ಮನಿಕ್ಕೊ ಓಗು" ಎಂದಳು.

ಮಲಗಿದೆ. ಹೊರಗೆ ಕೊಟ್ಟಿಗೆಗೆ ದನ ಬಂದವು. ಕತ್ತಲಾಯಿತು. ಅವ್ವ ಅಲ್ಲಾಡಲಿಲ್ಲ. ಸ್ವಿಚ್ಚಿನ ಕಡೆ ಹೋದ ನನ್ನ ಹೆಂಡತಿಗೆ "ಕೈ ಇಕ್ಕಬ್ಯಾಡ ಅದ್ಕೆ" ಎಂದಳು. ಮಕ್ಕಳನ್ನು ಪಕ್ಕದ ಮನೆಗೆ ಅಟ್ಟಿದಳು.

ನನಗೇ ತಡೆಯಲಾಗಲಿಲ್ಲ. "ಕತ್ಲಾತಲ್ಲವ್ವ, ದೀಪ ಅಚ್ಚು, ನಾನು ಏಳ್ತೀನಿ" ಎಂದೆ.

"ಯಾರ್ಲಾ ಯೋಳಿದ್ದು ಕತ್ಲಾತು ಅಂತ? ಈ ಮನೇಗೆ ನಾನು ದೀಪ ಅಚ್ಚಿದಾಗ್ಲೇ ಸಂಜೆ. ನೀನು ಏಳೋಗಂಟ ಅಚ್ಚಲ್ಲ. ಇನ್ನೂ ಬಿಸ್ಲು ಐತೆ ಅಂತ ತಿಳ್ಕೊಂಡು ಮನಿಕ್ಕೊ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಯಾಕಮ್ಮ, ನಿಮ್ಮನೇಲಿ ಕರೆಂಟ್ ಇಲ್ವಾ?" ಅಂದಳು.

"ಇನ್ನೂ ಒತ್ತು ಮುಳುಗಿಲ್ಲ ಕಣವ್ವ" ಎಂದಳು ಅವ್ವ, ಕಣ್ಣಿಗೆ ಚುಚ್ಚಿದರೂ ಕಾಣದ ಆ ಕತ್ತಲಲ್ಲಿ. ಆಕೆ ಒಮ್ಮೆ ಆಕಾಶ ನೋಡಿ ಹೊರಟುಹೋದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆ ಎಂದು ಅವತ್ತೇ ಊರಿಗೆ ಖಾತ್ರಿಯಾಗಿರಬೇಕು.

ನನಗೋ ಅದು ಇನ್ನೊಂದು ಸಂಕಟವಾಯಿತು. ಬೈಯುವ ಅವ್ವನ ಮುಂದೆ ಕಿರುಚಬಹುದು. ಹುಟ್ಟಿದಾಗಿನಿಂದ ನಂಬಿದ್ದನ್ನು ನನಗೋಸ್ಕರ ಪಕ್ಕಕ್ಕಿಟ್ಟು ಕತ್ತಲಲ್ಲಿ ಕಾಯುತ್ತಾ ಕೂತ ಅವ್ವನ ಮುಂದೆ ಏನು ಮಾಡುವುದು? ಬೇಗ ಸಡಿಲವಾಗಬೇಕು, ಬೇಗ ಮುಗಿಸಬೇಕು ಎಂದು ಹಲ್ಲು ಕಚ್ಚಿ ಮಲಗುತ್ತಿದ್ದೆ. ಸಡಿಲವಾಗುವುದಕ್ಕೂ ಓವರ್‌ಟೈಮ್ ಮಾಡುವವನ ಹಾಗೆ ಅವಸರ. ಕಾಲಾಯಿತು, ಹೊಟ್ಟೆಯಾಯಿತು, ಮುಖವಾಯಿತು, ಎಲ್ಲ ಮುಗಿಯಿತು ಎಂದು ಎದ್ದುಬಿಡುವುದು. ಅವಳು ತಕ್ಷಣ ಕಡ್ಡಿ ಗೀರುವಳು.

ಹೀಗೇ ಒಂದು ಸಂಜೆ ಮಲಗಿದ್ದಾಗ ಅವ್ವ ಕತ್ತಲಲ್ಲಿ ತಡವರಿಸಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ಹಣೆ ಮುಟ್ಟಿದಳು, ಭುಜ ಮುಟ್ಟಿದಳು, ತೋಳಿನುದ್ದಕ್ಕೂ ಸವರುತ್ತಾ ಕೈಗೆ ಬಂದಳು. "ಇದೇನ್ಲಾ?" ಎಂದಳು.

ನನ್ನ ಎರಡೂ ಕೈ ಮುಷ್ಟಿ ಕಟ್ಟಿದ್ದವು. ಲಿವರ್ ಹಿಡಿದ ಹಾಗೇ. ಮೈಯೆಲ್ಲ ಬಿಟ್ಟೆ ಅಂದುಕೊಂಡವನು ಕೈ ಬಿಟ್ಟೇ ಇರಲಿಲ್ಲ, ಅದು ನನಗೆ ತಿಳಿದೂ ಇರಲಿಲ್ಲ. ವರ್ಷಗಟ್ಟಲೆ ಜನರ ತಲೆ ಮೇಲೆ ಭಾರ ತೂಗಿಸಿ ಹಿಡಿದ ಕೈ ಅವು. ಚಾಪೆಯ ಮೇಲೆ ಮಲಗಿದಾಗಲೂ ಹಿಡಿದೇ ಇದ್ದವು.

ಅವ್ವ ನನ್ನ ಕಿರುಬೆರಳು ಬಿಡಿಸಿದಳು. ಆಮೇಲೆ ಅದರ ಪಕ್ಕದ್ದು. ಒಂದು ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಮಡಚಿಕೊಳ್ಳುತ್ತಿತ್ತು. ಅವಳು ಬೇಸರಪಡದೆ ಮತ್ತೆ ಬಿಡಿಸಿದಳು, ಅವರೆಕಾಯಿ ಸುಲಿಯುವಷ್ಟು ನಿಧಾನವಾಗಿ. "ಬಿಡು ಮಗ" ಎಂದಳು. "ನೀನು ಬಿಟ್ರೆ ಏನೂ ಬೀಳಲ್ಲ."

ಆ ಮಾತಿಗೆ ನನ್ನ ಎದೆಯೊಳಗೆ ಏನೋ ಕಳಚಿತು. ಕಣ್ಣ ನೀರು ಕಿವಿಯ ಕಡೆ ಹರಿಯಿತು. ಕತ್ತಲಿತ್ತಲ್ಲ, ಬಚಾವಾದೆ. ಬಿಟ್ಟ ಉಸಿರು ತುಂಬಾ ಉದ್ದಕ್ಕೆ ಹೋಯಿತು. ಸಡಿಲವಾಗುವುದು ಅಂದರೆ ಏನು ಎನ್ನುವುದು ನನಗೆ ಗೊತ್ತಾದದ್ದು ಆವತ್ತು. ಆಮೇಲೆ ದಿನಾ ಅವಳು ಬಂದು ಕೂರುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಮುಟ್ಟಿ ನೋಡಿ "ಊಂ, ಬಿಟ್ಟಿದ್ದೀಯ" ಅಂತ ಹೇಳಿ ಹೊಸ್ತಿಲಿಗೆ ವಾಪಸ್ ಹೋಗುವಳು. ದಿನದಿಂದ ದಿನಕ್ಕೆ ನಮ್ಮ ಮನೆಯ ಸಂಜೆ ಊರಿನ ಸಂಜೆಗಿಂತ ತಡವಾಗುತ್ತಾ ಹೋಯಿತು. ನಾನು ಹೆಂಡತಿಯ ಮೇಲೆ ರೇಗುವುದು ಕಡಿಮೆಯಾಯಿತು. ಪೂರ್ತಿ ನಿಂತಿತು ಅಂತ ಹೇಳಿದರೆ ಅವಳು ಈಗಲೂ ಜಗಳಕ್ಕೆ ಬರುತ್ತಾಳೆ.

ಆಯುಧಪೂಜೆಗೆ ಮುಂಚೆ ಕೊನೆಯ ಸಲ ಪರೀಕ್ಷೆ. ಡಾಕ್ಟರಮ್ಮ ಗಾಳಿ ತುಂಬುತ್ತಿದ್ದರು. ನೋಡುತ್ತೇನೆ, ಮೇಜಿನ ಮೇಲಿದ್ದ ಕೈ ಮುಷ್ಟಿ ಕಟ್ಟಿದೆ. ಅವ್ವ ಪಕ್ಕದಲ್ಲಿದ್ದಾಳೆ ಎಂದುಕೊಂಡು ಕಿರುಬೆರಳಿಂದ ಒಂದೊಂದನ್ನೇ ಬಿಡಿಸಿದೆ. ಅವರು ಅದನ್ನು ನೋಡುತ್ತಿದ್ದರು. ಗಾಳಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು.

"ಹತ್ತಿ" ಎಂದರು. "ಆದರೆ ಮಾತ್ರೆ ಬಿಟ್ಟಿದ್ದು ಗೊತ್ತಾದರೆ ನಾನೇ ಬಂದು ಇಳಿಸ್ತೀನಿ. ನಿಮ್ಮ ತಾಯಿ ದೀಪ ಹಚ್ಚೋದು ಎಷ್ಟೊತ್ತಿಗೆ ಈಗ?"

"ನಾನು ಎದ್ದಾಗ ಮೇಡಂ."

ಹಬ್ಬದ ದಿನ ಶೆಡ್ಡಿನ ತುಂಬ ಜನ, ಬೂದುಗುಂಬಳಕಾಯಿಯ ವಾಸನೆ, ಸಾಂಬ್ರಾಣಿ ಹೊಗೆ. ಹಸಿರು ಸೀರೆ ಉಟ್ಟು ಬಂದಿದ್ದ ಅವ್ವ ಯಾರನ್ನೂ ಕೇಳದೆ ನೇರ ಬಾವಿಯ ಜಾಗಕ್ಕೆ ಹೋಗಿ ನಿಂತಳು. ನಾನು ಏಣಿ ಹತ್ತಿ ಕ್ಯಾಬಿನ್ನಿನಲ್ಲಿ ಕೂತು ಲಿವರ್ ಮುಟ್ಟಿದೆ. ಗಟ್ಟಿಯಾಗಿ ಹಿಡಿಯಲಿಲ್ಲ, ಹಿಡಿದೆ ಅಷ್ಟೇ. ಕ್ರೇನ್ ಅವಳ ತಲೆಯ ನೇರಕ್ಕೆ ಬಂತು. ಕೊಕ್ಕೆ ಇಳಿಸಿದೆ, ಬಿಂದಿಗೆಯನ್ನು ನೀರಿಗೆ ಬಿಡುವ ಹಾಗೆ, ಸದ್ದಾಗದ ಹಾಗೆ. ಒಂದು ಕಾಲದಲ್ಲಿ ಅವಳು ಅಲ್ಲೇ ಬಗ್ಗಿ ಹಗ್ಗ ಬಿಡುತ್ತಿದ್ದಳು. ಈಗ ತಲೆ ಎತ್ತಿ ನಿಂತಿದ್ದಳು. ಕೊಕ್ಕೆ ಎದೆಮಟ್ಟಕ್ಕೆ ಬಂದಾಗ ಅರಿಸಿನ ಹಚ್ಚಿದಳು, ಕುಂಕುಮ ಇಟ್ಟಳು, ಚೆಂಡುಹೂವಿನ ಹಾರ ಮುಡಿಸಿದಳು. ಆಮೇಲೆ ಆ ಕಪ್ಪು ಕಬ್ಬಿಣವನ್ನು ಎರಡೂ ಕೈಯಲ್ಲಿ ಸವರಿ, ಮಗುವಿಗೆ ತೆಗೆಯುವ ಹಾಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು. ಮೇಲೆ ಕೂತ ನಾನು ಅತ್ತುಬಿಟ್ಟೆ. ನಗೆಯೂ ಬಂತು.

ಆಮೇಲೆ ಬಹಳ ವರ್ಷ ಅದೇ ಕ್ರೇನಿನಲ್ಲಿ ಕೂತೆ. ಮಾತ್ರೆ ಬಿಡಲಿಲ್ಲ, ಚಾಪೆ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅವ್ವ ಹಾಸಿಗೆ ಹಿಡಿದಳು. ಎದೆಯಲ್ಲಿ ಬಲವಿರಲಿಲ್ಲ, ಮಗ್ಗುಲು ಬದಲಿಸಿದರೂ ಏದುಸಿರು. ಹಗಲೆಲ್ಲ ಸುಮ್ಮನಿರುವಳು, ಮುಸ್ಸಂಜೆಯಾದರೆ ಸಾಕು, "ಎತ್ತಿ ಕೂರ್ಸ್ರೋ, ದೀಪದ ಒತ್ತು" ಎಂದು ಒದ್ದಾಡುವಳು. ಕಾಯಿಲೆಯವರಿಗೆ ಆ ನಿಯಮ ಇಲ್ಲ ಅಂದರೆ ಕೇಳಬೇಕಲ್ಲ! ಎತ್ತಿ ಕೂರಿಸಿದರೆ ಉಸಿರು ಸಿಗದೆ ಕಣ್ಣು ಮೇಲಾಗುತ್ತಿತ್ತು. ನೋಡಲಾಗುತ್ತಿರಲಿಲ್ಲ.

ಒಂದು ಸಂಜೆ ಹೀಗೇ ಅವಳು ಏಳಲು ಹೊರಟಾಗ, ನನ್ನ ಹೆಂಡತಿ ದೀಪ ಹಚ್ಚಲು ಗೂಡಿನ ಹತ್ತಿರ ಹೋಗಿದ್ದಳು. "ಬ್ಯಾಡ, ತಡಿ" ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಬೆಂಕಿಪೊಟ್ಟಣ ಹಿಡಿದುಕೊಂಡು ಬಂದು ಹೊಸ್ತಿಲ ಬಳಿ ಗೋಡೆಗೊರಗಿ ಕೂತಳು.

"ಸಂಜೆ ಆತೇನ್ಲಾ?" ಎಂದಳು ಅವ್ವ.

"ಇನ್ನೂ ಇಲ್ಲ ಕಣವ್ವ. ದೀಪ ಅಚ್ಚಿಲ್ಲ. ಮನಿಕ್ಕೊ."

ಅವಳಿಗೆ ಅರ್ಥವಾಯಿತು. ತುಟಿಯ ಮೂಲೆ ಒಂದಿಷ್ಟು ಅಲುಗಿತು. ಏಳಲು ಹೊರಟ ಮೈ ಹಾಸಿಗೆಗೆ ಒರಗಿತು. ಕಂಬಳಿಯ ಅಂಚನ್ನು ಅವಳು ಮುಷ್ಟಿಯಲ್ಲಿ ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತು ಕಿರುಬೆರಳಿಂದ ಬಿಡಿಸತೊಡಗಿದೆ. ಅದು ಮತ್ತೆ ಮಡಚಿಕೊಂಡಿತು, ಮತ್ತೆ ಬಿಡಿಸಿದೆ. "ಬಿಡವ್ವ" ಎಂದೆ. "ಏನೂ ಬೀಳಲ್ಲ."

ಹೊರಗೆ ಪೂರ್ತಿ ಕತ್ತಲಾಗಿತ್ತು. ಪಕ್ಕದ ಮನೆಯಾಕೆ, ಈಗ ಅವಳಿಗೂ ತಲೆ ನೆರೆತಿತ್ತು, ಬಾಗಿಲಿಗೆ ಬಂದು "ಯಾಕಮ್ಮ, ಕರೆಂಟ್ ಇಲ್ವಾ?" ಅಂದಳು.

"ನಮ್ಮನೇಲಿ ಇನ್ನೂ ಒತ್ತು ಮುಳುಗಿಲ್ಲ ಕಣಕ್ಕ" ಎಂದಳು ನನ್ನ ಹೆಂಡತಿ.

ಆಕೆ ಈ ಸಲ ಹೋಗಲಿಲ್ಲ. ಒಳಗೆ ಬಂದು ನನ್ನ ಹೆಂಡತಿಯ ಪಕ್ಕದಲ್ಲೇ ಕೂತಳು. ಅವ್ವನ ಉಸಿರು ಉದ್ದಕ್ಕೆ, ನಿಧಾನಕ್ಕೆ ಬರುತ್ತಿತ್ತು. ಅವಳ ಬೆರಳು ಒಂದೊಂದಾಗಿ ನನ್ನ ಅಂಗೈಯಲ್ಲಿ ಬಿಚ್ಚಿಕೊಂಡವು, ಮತ್ತೆ ಮಡಚಿಕೊಳ್ಳಲಿಲ್ಲ. ಅವಳ ಉಸಿರು ನಿಂತ ಮೇಲೆ ನನ್ನ ಹೆಂಡತಿ ಎದ್ದು ದೀಪ ಹಚ್ಚಿದಳು.